ಹಿರಿಯರ ಕೇಂದ್ರ ಒಡೆಯೋಕೆ ಮುಂಚೆ ನಮ್ಮನ್ನೂ ಒಂದು ಮಾತು ಕೇಳಿ: ಕಮಿಷನರ್ ಸಾಹೇಬರಿಗೆ ಬಹಿರಂಗ ಪತ್ರ

ಕಮಿಷನರ್ ಸಾಹೇಬರಿಗೆ ನಮಸ್ಕಾರ.

ಪಾರ್ಕ್ ಪಕ್ಕದಲ್ಲಿರೋ ನಮ್ಮ ಹಿರಿಯ ನಾಗರಿಕರ ಕೇಂದ್ರನ ಒಡೆದು ಅದೇ ಜಾಗದಲ್ಲಿ ಮೂರು ಮಹಡಿ ಕಾಂಪ್ಲೆಕ್ಸ್ ಕಟ್ತೀವಿ ಅಂತ ಗೇಟಿಗೆ ಫ್ಲೆಕ್ಸ್ ಹಾಕಿಸಿದೀರಲ್ಲ, ಅದರ ವಿಷಯಕ್ಕೆ ಈ ಪತ್ರ. ಆಫೀಸಿಗೆ ಬಂದು ಮನವಿ ಕೊಟ್ವಿ, ಸೀಲ್ ಒತ್ತಿ ಒಂದು ಕಾಪಿ ವಾಪಸ್ ಕೊಟ್ರು, ಅಲ್ಲಿಗೆ ಮುಗೀತು. ಮೊದಲಾಗಿದ್ರೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ಕೂತ್ಕೊಳ್ತಿದ್ವಿ, ಅವರಿಗೂ ಓಟು ಬೇಕಿತ್ತಲ್ಲ, ಮಾತಾಡ್ಸಿ ಸಮಾಧಾನ ಮಾಡಿ ಕಳಿಸೋರು. 2020ರ ಸೆಪ್ಟೆಂಬರಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲದೆ ಆಫೀಸರ್‌ಗಳದ್ದೇ ಆಡಳಿತ, ಆಮೇಲೆ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಬಂತು, ಒಂದಿದ್ದ ಪಾಲಿಕೆ ಐದಾಯ್ತು, ಈ ಗಲಾಟೆಯಲ್ಲಿ ನಮ್ಮ ಕೇಂದ್ರದ ಫೈಲು ಯಾವ ಬೀರುವಿನಿಂದ ಯಾವ ಬೀರುವಿಗೆ ಹೋಯ್ತೋ ಆ ಫೈಲಿಗೇ ಗೊತ್ತು. ಅದಕ್ಕೇ ಎಲ್ಲರೂ ಓದೋ ಹಾಗೆ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ಮೊದ್ಲೇ ಹೇಳಿಬಿಡ್ತೀನಿ, ನಾವು ಅಡ್ಡಗಾಲು ಹಾಕೋರಲ್ಲ. ಬಿಲ್ಡಿಂಗ್ ಹಳೇದಾಗಿದೆ, ಮಳೆ ಬಂದ್ರೆ ಕೇರಂ ಬೋರ್ಡ್ ಮೇಲೆ ಟಾರ್ಪಾಲ್ ಹೊದಿಸಬೇಕು, ಹಿಂದಿನ ಗೋಡೆಗೆ ಕೈ ಇಟ್ರೆ ಗಾರೆ ಉದುರುತ್ತೆ, ಟಾಯ್ಲೆಟ್ಟು ಇಂಡಿಯನ್ ಸ್ಟೈಲು, ಮಂಡಿ ಆಪರೇಷನ್ ಆದೋರು ಅವಸರ ಆದ್ರೆ ಮನೆಗೇ ಓಡಬೇಕು, ಓಡೋಕಾಗಿದ್ರೆ ಆಪರೇಷನ್ ಯಾಕೆ ಮಾಡಿಸ್ಕೊಳ್ತಿದ್ರು ಹೇಳಿ. ಹೊಸದು ಕಟ್ಟಿ, ಖಂಡಿತ ಕಟ್ಟಿ. ಮಕ್ಕಳಿಗೆ ಲೈಬ್ರರಿ ಮಾಡ್ತೀರಂತೆ, ಹುಡುಗರಿಗೆ ಜಿಮ್ ಅಂತೆ, ಸಂತೋಷ. ನಮ್ಮ ತಕರಾರು ಇರೋದು ಎರಡೇ: ಒಡೆದ ದಿನದಿಂದ ಕಟ್ಟಿ ಮುಗಿಯೋ ದಿನದ ತನಕ ನಾವು ಎಲ್ಲಿರಬೇಕು, ಮುಗಿದ ಮೇಲೆ ನಮ್ಮನ್ನ ಯಾವ ಮಹಡಿಗೆ ಹತ್ತಿಸ್ತೀರಿ.

ಬೋರ್ಡಲ್ಲಿ ಎರಡು ವರ್ಷ ಅಂತ ಬರೆದಿದೆ. ಬೆಂಗಳೂರಲ್ಲಿ ಸರ್ಕಾರಿ ಕಾಮಗಾರಿಯ ಎರಡು ವರ್ಷ ಅಂದ್ರೆ ಎಷ್ಟು ಅಂತ ನಿಮಗೂ ಗೊತ್ತು ನಮಗೂ ಗೊತ್ತು, ಈಜೀಪುರ ಫ್ಲೈಓವರ್ ಕೆಲಸ 2017ರಲ್ಲಿ ಶುರುವಾಗಿ 2019ಕ್ಕೆ ಮುಗೀಬೇಕಿತ್ತು, ಬರೀ ಕಂಬಗಳನ್ನ ನೋಡ್ಕೊಂಡೇ ಆ ಏರಿಯಾ ಮಕ್ಕಳು ಸ್ಕೂಲು ಮುಗಿಸಿ ಕಾಲೇಜಿಗೆ ಹೋದ್ರು. ಮಕ್ಕಳು ಕಾಯಬಹುದು ಸಾರ್. ನಮ್ಮಲ್ಲಿ ಜಾಸ್ತಿ ಜನ ಎಪ್ಪತ್ತೈದು ದಾಟಿದೋರು. 82 ವರ್ಷದೋರಿಗೆ ಎರಡು ವರ್ಷ ಬಿಟ್ಟು ಬನ್ನಿ ಅಂದ್ರೆ ಬರಲೇಬೇಡಿ ಅಂದ ಹಾಗೇನೇ.

ಇದು ಊಹೆ ಮಾಡಿ ಹೇಳ್ತಿರೋದಲ್ಲ, ಲಾಕ್‌ಡೌನಲ್ಲಿ ಕಣ್ಣಾರೆ ನೋಡಿದೀವಿ. 2020ರ ಮಾರ್ಚಲ್ಲಿ ಬೀಗ ಬಿತ್ತು, ಮತ್ತೆ ತೆಗೆದಾಗ ಬೆಳಗ್ಗಿನ ಬ್ಯಾಚಲ್ಲಿ ಅರ್ಧಕ್ಕರ್ಧ ಮುಖಗಳಿಲ್ಲ. ಕೆಲವರು ತೀರಿಹೋಗಿದ್ರು ನಿಜ, ಆದ್ರೆ ಬದುಕಿದ್ದೂ ಬರದೇ ಹೋದೋರು ಅದಕ್ಕಿಂತ ಜಾಸ್ತಿ. ಮನೇಲೇ ಕೂತು ಕೂತು ಕಾಲಲ್ಲಿ ಶಕ್ತಿ ಹೋಯ್ತು, ಗೇಟು ದಾಟೋಕೆ ಧೈರ್ಯ ಹೋಯ್ತು, ಆಮೇಲೆ ಮಕ್ಕಳೇ ಯಾಕಪ್ಪ ಸುಮ್ನೆ ರಿಸ್ಕು ಮನೇಲೇ ಟಿವಿ ನೋಡು ಅಂದ್ರು, ಮುಗೀತು. ವಯಸ್ಸಾದ ಮೇಲೆ ಕರಗಿದ ಮಾಂಸಖಂಡ ವಾಪಸ್ ಬರೋದು ಎಷ್ಟು ಕಷ್ಟ ಅಂತ ಯಾವ ಫಿಸಿಯೋಥೆರಪಿಯವರನ್ನ ಕೇಳಿದ್ರೂ ಹೇಳ್ತಾರೆ. ದಿನಾ ಬೆಳಿಗ್ಗೆ ಎದ್ದು ಶೇವ್ ಮಾಡಿ ಇಸ್ತ್ರಿ ಶರ್ಟು ಹಾಕ್ಕೊಂಡು ನಾನ್ನೂರು ಹೆಜ್ಜೆ ನಡೆದು ಬರೋಕೆ ಒಂದು ಕಾರಣ ಇತ್ತಲ್ಲ, ಆ ಕಾರಣನೇ ಅವರ ಅರ್ಧ ಔಷಧಿ ಆಗಿತ್ತು.

ಈಗ ಬದಲಿ ವ್ಯವಸ್ಥೆ ಅಂತ ತೋರಿಸಿರೋದು ಮೇನ್ ರೋಡ್ ಆಚೆ ಇರೋ ಸಮುದಾಯ ಭವನ. ಮ್ಯಾಪಲ್ಲಿ ಹತ್ತಿರನೇ ಕಾಣುತ್ತೆ ಬಿಡಿ. ರೋಡ್ ದಾಟೋಕೆ ಸ್ಕೈವಾಕ್ ಇದೆ, ಅದರ ಲಿಫ್ಟ್ ನಡೆದಿದ್ದನ್ನ ನಾನಂತೂ ನೋಡಿಲ್ಲ, ಮೆಟ್ಟಿಲು ಹತ್ತಿ ಇಳಿಯೋ ಹೊತ್ತಿಗೆ ನಮ್ಮ ಕಡೆಯೋರಿಗೆ ದಿನದ ಶಕ್ತಿ ಎಲ್ಲ ಖರ್ಚು. ಬಸ್ಸಲ್ಲಿ ಹೋಗಿ ಅಂತೀರಾ, 2023ರ ಜೂನಿಂದ ನಮಗೆ ಹೆಂಗಸರಿಗೆ ಟಿಕೆಟ್ ಫ್ರೀ, ಅದು ಒಳ್ಳೇದೇ ಆಯ್ತು, ಆದ್ರೆ ಆ ಬಸ್ಸಿನ ಮೊದಲನೇ ಮೆಟ್ಟಿಲು ಇರೋ ಎತ್ತರಕ್ಕೆ ಮಂಡಿ ಎತ್ತೋಕೆ ಯಾರಾದ್ರೂ ಹಿಂದಿಂದ ತಳ್ಳಬೇಕು, ಡ್ರೈವರ್ ಅಷ್ಟೊತ್ತು ನಿಲ್ಲಿಸಬೇಕು. ಇನ್ನು ಆಟೋ. 2025ರ ಆಗಸ್ಟಿಂದ ಮಿನಿಮಮ್ 36 ರೂಪಾಯಿ, ಅದೂ ಮೀಟರ್ ಹಾಕಿದ್ರೆ, ಹಾಕ್ತಾರೆ ಅಂತಾನೇ ಇಟ್ಕೊಳ್ಳೋಣ. ಹೋಗಿ ಬಂದ್ರೆ 72. ನಮ್ಮಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ನಂಬ್ಕೊಂಡಿರೋರು ಇದಾರೆ, ತಿಂಗಳಿಗೆ 1200 ರೂಪಾಯಿ. ಹದಿನಾರು ದಿನ ಆಟೋದಲ್ಲಿ ಹೋಗಿ ಬಂದ್ರೆ ಹದಿನೇಳನೇ ದಿನಕ್ಕೆ ದುಡ್ಡು ಸಾಲಲ್ಲ, ಮಾತ್ರೆ ಊಟ ಎಲ್ಲ ದೇವರ ಮೇಲೆ ಭಾರ.

ಆ ಸಮುದಾಯ ಭವನದಲ್ಲಿ ಇನ್ನೊಂದು ತಮಾಷೆ ಇದೆ. ಮುಹೂರ್ತ ಇರೋ ದಿನ ಅದನ್ನ ಮದುವೆಗೆ ಕೊಡ್ತಾರೆ, ಹಿಂದಿನ ದಿನದಿಂದಲೇ ಶಾಮಿಯಾನ, ಪಾತ್ರೆ, ಜನರೇಟರ್. ಅಂದ್ರೆ ಊರಲ್ಲಿ ಮದುವೆ ಇದ್ದಷ್ಟು ದಿನ ನಮಗೆ ರಜೆ. ಯಾವತ್ತು ತೆಗೆದಿರುತ್ತೆ ಯಾವತ್ತು ಮುಚ್ಚಿರುತ್ತೆ ಅಂತ ಪಂಚಾಂಗ ನೋಡ್ಕೊಂಡು ಬರಬೇಕಾ?

ಒಬ್ಬರ ವಿಷಯ ಹೇಳ್ತೀನಿ, ಹೆಸರು ಬೇಡ. ಹೈಸ್ಕೂಲ್ ಮೇಷ್ಟ್ರಾಗಿದ್ದೋರು, ಈಗ ನೆನಪು ಕೈ ಕೊಡ್ತಿದೆ, ಮಗನ ಹೆಸರು ಕೇಳಿದ್ರೆ ತಮ್ಮನ ಹೆಸರು ಹೇಳ್ತಾರೆ. ಆದ್ರೆ ಬೆಳಿಗ್ಗೆ ಹತ್ತು ಗಂಟೆಗೆ ಅವರ ಕಾಲಿಗೆ ನಮ್ಮ ಕೇಂದ್ರದ ದಾರಿ ಗೊತ್ತು. ಹಾಲಿನ ಬೂತು ದಾಟಿ, ಎಡಕ್ಕೆ ತಿರುಗಿ, ಹೊಂಗೆ ಮರ, ನೀಲಿ ಗೇಟು. ಒಳಗೆ ಬಂದು ಕಿಟಕಿ ಪಕ್ಕದ ಅದೇ ಕುರ್ಚಿ, ಪೇಪರ್ ತೆಗೆದು ಹೆಡ್‌ಲೈನ್ ಜೋರಾಗಿ ಓದ್ತಾರೆ, ಹಿಂದಿನ ದಿನದ ಪೇಪರ್ ಕೊಟ್ರೂ ಅಷ್ಟೇ ಖುಷಿಯಾಗಿ ಓದ್ತಾರೆ, ಯಾರೂ ತಿದ್ದೋಕೆ ಹೋಗಲ್ಲ. ಅವರು ಅಲ್ಲಿರೋ ಆ ಎರಡು ಗಂಟೆಯಲ್ಲಿ ಅವರ ಹೆಂಡತಿ ಬ್ಯಾಂಕಿಗೆ ಹೋಗ್ತಾರೆ, ರೇಷನ್ ತರ್ತಾರೆ, ಒಂದೊಂದು ದಿನ ಏನೂ ಮಾಡದೆ ಮನೇಲಿ ಮಲಗಿಬಿಡ್ತಾರೆ, ಆಯಮ್ಮನಿಗೂ ಎಪ್ಪತ್ತನಾಲ್ಕು. ಮೇಷ್ಟ್ರನ್ನ ಸ್ಕೈವಾಕ್ ಆಚೆ ಕಳಿಸೋದು ಆಗದ ಮಾತು, ಕಳಿಸಿದ್ರೆ ಹುಡುಕೋಕೆ ಪೊಲೀಸ್ ಬೇಕಾಗುತ್ತೆ. ನಿಮ್ಮ ಎಸ್ಟಿಮೇಟಲ್ಲಿ ಸಿಮೆಂಟು ಕಬ್ಬಿಣ ಮರಳು ಎಲ್ಲಾ ಲೆಕ್ಕ ಇದೆ, ಆಯಮ್ಮನ ಎರಡು ಗಂಟೆ ಯಾವ ಕಾಲಂನಲ್ಲಿ ಬರುತ್ತೆ?

ಹಾಗಂತ ಬರೀ ಗೋಳು ಹೇಳ್ಕೊಂಡು ಕೂತಿಲ್ಲ, ದಾರಿನೂ ಹುಡುಕಿದೀವಿ. ನಮ್ಮ ಪಕ್ಕದ ಕ್ರಾಸಲ್ಲೇ ಸರ್ಕಾರಿ ಪ್ರೈಮರಿ ಸ್ಕೂಲಿದೆ, ಮಕ್ಕಳು ಕಮ್ಮಿಯಾಗಿ ನೆಲದ ಮಟ್ಟದಲ್ಲೇ ಎರಡು ರೂಮು ಖಾಲಿ ಬಿದ್ದಿದೆ, ಹೆಡ್‌ಮಿಸ್ಸು ಇಲಾಖೆಯಿಂದ ಒಂದು ಲೆಟರ್ ತಂದುಕೊಡಿ ಬೇಡ ಅನ್ನಲ್ಲ ಅಂತ ಬಾಯಿಮಾತಲ್ಲಿ ಹೇಳಿದಾರೆ. ಅದು ಆಗದಿದ್ರೆ ಇದೇ ಏರಿಯಾದಲ್ಲಿ ಒಂದು ಗ್ರೌಂಡ್ ಫ್ಲೋರ್ ಮನೆ ಬಾಡಿಗೆಗೆ ಹಿಡೀರಿ, ಕಾಂಪ್ಲೆಕ್ಸ್ ಕಟ್ಟೋ ದುಡ್ಡಿನ ಮುಂದೆ ಆ ಬಾಡಿಗೆ ಚಿಲ್ಲರೆ. ಎಲ್ಲಾದ್ರೂ ಸರಿ, ಆ ಜಾಗದ ಬೀಗ ತೆಗೆದು, ಕುರ್ಚಿ ಹಾಕಿ, ಟಾಯ್ಲೆಟಲ್ಲಿ ನೀರು ಬರೋದು ನೋಡಿ, ಒಂದು ತಿಂಗಳು ಎರಡೂ ಕಡೆ ನಡೆಸಿ, ಜನ ಅಲ್ಲಿಗೆ ಒಗ್ಗಿದ ಮೇಲೆ ಇಲ್ಲಿ ಜೆಸಿಬಿ ತನ್ನಿ. ಜೆಸಿಬಿ ಮೊದಲು ಬಂದು ಜಾಗ ಆಮೇಲೆ ನೋಡೋಣ ಅಂದ್ರೆ ಅದು ಕಣ್ಣೊರೆಸೋ ಮಾತು ಅಂತ ನಮಗೆ ಅರ್ಥ ಆಗುತ್ತೆ, ಅಷ್ಟು ವರ್ಷ ನಾವೂ ಸರ್ಕಾರಿ ಕೆಲಸನೇ ಮಾಡಿದೀವಿ.

ಇನ್ನು ಹೊಸ ಬಿಲ್ಡಿಂಗಿನ ಡ್ರಾಯಿಂಗು. ನಮ್ಮ ಸದಸ್ಯರೊಬ್ಬರು ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿದ್ದೋರು, ಎಲ್ಲೋ ಹೇಗೋ ಒಂದು ಕಾಪಿ ಸಂಪಾದಿಸಿ ಭೂತಗನ್ನಡಿ ಇಟ್ಕೊಂಡು ಓದಿ ಹೇಳಿದ್ರು. ಬೇಸ್‌ಮೆಂಟಲ್ಲಿ ಪಾರ್ಕಿಂಗು, ಗ್ರೌಂಡ್ ಫ್ಲೋರಲ್ಲಿ ಅಂಗಡಿಗಳು, ಫಸ್ಟ್ ಫ್ಲೋರಲ್ಲಿ ಜಿಮ್ಮು ಲೈಬ್ರರಿ, ಸೆಕೆಂಡ್ ಫ್ಲೋರಲ್ಲಿ ಸೀನಿಯರ್ ಸಿಟಿಜನ್ ಲಾಂಜ್, ಅದರ ಮೇಲೆ ಪಾರ್ಟಿ ಹಾಲು. ಇಪ್ಪತ್ತು ವರ್ಷದ ಹುಡುಗ ಬೆವರು ಸುರಿಸೋಕೆ ಬರೋ ಜಾಗ ನಮಗಿಂತ ಕೆಳಗೆ, ನಾವು ಅವನಿಗಿಂತ ಮೇಲೆ. ಯಾರಿಗೆ ಹೊಳೀತೋ ಇದು!

ಲಿಫ್ಟ್ ಇದೆಯಲ್ಲ ಅಂತೀರಿ. ಸರ್ಕಾರಿ ಬಿಲ್ಡಿಂಗಿನ ಲಿಫ್ಟು ಉದ್ಘಾಟನೆ ದಿನ ಚೆನ್ನಾಗಿರುತ್ತೆ. ಆಮೇಲೆ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ, ಬಾಗಿಲಿಗೆ ಒಂದು ಬಿಳಿ ಪೇಪರ್ ಅಂಟಿಸ್ತಾರೆ, ಆ ಪೇಪರ್ ಹಳದಿ ಆಗೋ ತನಕ ಅಲ್ಲೇ ಇರುತ್ತೆ. ಸರಿ, ಲಿಫ್ಟ್ ದಿನಾ ಓಡುತ್ತೆ ಅಂತಾನೇ ಇಟ್ಕೊಳ್ಳಿ, ಬೆಂಕಿ ಬಿದ್ರೆ ಲಿಫ್ಟ್ ಬಳಸಬಾರದು ಅಂತ ಅದರ ಪಕ್ಕದಲ್ಲೇ ಬೋರ್ಡ್ ಇರುತ್ತೆ, ಆಗ ವಾಕರ್ ಹಿಡಿದೋರು ಎರಡು ಮಹಡಿ ಮೆಟ್ಟಿಲು ಇಳಿಯೋದು ಹೇಗೆ? ಇದಕ್ಕೆ ಉತ್ತರ ಡ್ರಾಯಿಂಗಲ್ಲಿ ಇಲ್ಲ. ಗ್ರೌಂಡ್ ಫ್ಲೋರ್ ಅಂಗಡಿಯಿಂದ ಬಾಡಿಗೆ ಬರುತ್ತೆ ಅನ್ನೋದು ಗೊತ್ತು, ಬೇಡ ಅನ್ನಲ್ಲ, ರೋಡ್ ಕಡೆ ಅಂಗಡಿ ಮಾಡಿ, ಪಾರ್ಕ್ ಕಡೆ ನಮಗೆ ಬಿಡಿ. ಪಾರ್ಕ್ ಕಡೆ ಅಂಗಡಿಗೆ ಹೇಗಿದ್ರೂ ಗಿರಾಕಿ ಬರಲ್ಲ.

ರ‍್ಯಾಂಪ್ ವಿಷಯ ಕೇಳಿ. ಪ್ಲಿಂತ್, ಅಂದ್ರೆ ರೋಡಿನ ಮಟ್ಟದಿಂದ ಬಿಲ್ಡಿಂಗಿನ ನೆಲ ಇರೋ ಎತ್ತರ, ಮೂರು ಅಡಿ ಅಂತ ತೋರಿಸಿದಾರೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಪ್ರಕಾರ ರ‍್ಯಾಂಪು ಒಂದಕ್ಕೆ ಹನ್ನೆರಡರ ಲೆಕ್ಕಕ್ಕಿಂತ ಕಡಿದಾಗಿ ಇರಬಾರದು, ಅಂದ್ರೆ ಮೂರು ಅಡಿ ಏರೋಕೆ ಕಮ್ಮಿ ಅಂದ್ರೂ 36 ಅಡಿ ಉದ್ದ, ಮಧ್ಯೆ ನಿಂತು ಉಸಿರು ತಗೊಳ್ಳೋಕೆ ಸಮತಟ್ಟು ಜಾಗ ಬೇರೆ, ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ. ಡ್ರಾಯಿಂಗಲ್ಲಿ ಇರೋದು ಹನ್ನೆರಡು ಅಡಿ. ಅದು ಸ್ಕೂಟರ್ ಹತ್ತಿಸೋ ರ‍್ಯಾಂಪು ಸಾರ್, ವೀಲ್‌ಚೇರ್ ಅದರ ಮೇಲೆ ಬಿಟ್ರೆ ಸೀದಾ ರೋಡಿಗೆ. ಇದೆಲ್ಲ ನಾವು ಕೇಳೋ ಉಪಕಾರ ಅಂತ ತಿಳ್ಕೋಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಓದಿ, ನಿಯಮದ ಪ್ರಕಾರ ಇಲ್ಲದ ಪ್ಲಾನಿಗೆ ಕಟ್ಟೋ ಪರ್ಮಿಷನ್ನೂ ಕೊಡಬಾರದು, ಕಟ್ಟಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟೂ ಕೊಡಬಾರದು. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟು ಕೂಡ ಇಂಥ ನಿಯಮಗಳು ಬರೀ ಮಾರ್ಗಸೂಚಿ ಆಗಿದ್ರೆ ಸಾಲದು, ಕಡ್ಡಾಯ ಆಗಬೇಕು ಅಂತ ಹೇಳಿದೆ. ಹಿರಿಯರಿಗೆ ಅಂತಾನೇ ಇರೋ 2007ರ ಕಾಯ್ದೆ ಬಹುಪಾಲು ಮಕ್ಕಳು ಅಪ್ಪ ಅಮ್ಮನ್ನ ನೋಡ್ಕೊಳ್ಳೋದರ ಬಗ್ಗೆ, ಜೀವನಾಂಶದ ಬಗ್ಗೆ, ಆಸ್ಪತ್ರೆಯಲ್ಲಿ ಬೇರೆ ಕ್ಯೂ ಇರಬೇಕು ಅನ್ನೋದರ ಬಗ್ಗೆ. ಅದಕ್ಕೇ ಈ ಅಂಗವಿಕಲರ ಕಾಯ್ದೆನ ಹಿಡ್ಕೊಂಡಿದೀವಿ, ನಮ್ಮಲ್ಲಿ ಕಣ್ಣು ಕಿವಿ ಕಾಲು ಮೂರೂ ಸರಿ ಇರೋರು ಯಾರಿದಾರೆ ಹೇಳಿ.

ಕಿವಿ ಅಂದಾಗ ನೆನಪಾಯ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋಳು, ಜೀವನ ಪೂರ್ತಿ ಹೆಡ್‌ಸೆಟ್ ಹಾಕ್ಕೊಂಡು ಕೆಲಸ ಮಾಡಿದೀನಿ, ಯಾರಿಗೆ ಎಷ್ಟು ಕೇಳುತ್ತೆ ಅಂತ ಎರಡು ಮಾತಲ್ಲೇ ಗೊತ್ತಾಗುತ್ತೆ. ಈಗಿನ ಹೊಸ ಹಾಲುಗಳೆಲ್ಲ ಕೆಳಗೆ ಟೈಲ್ಸು, ಸುತ್ತ ಗಾಜು, ಮಾತಾಡಿದ್ರೆ ಗೊಂಯ್ ಅನ್ನುತ್ತೆ. ಹಿಯರಿಂಗ್ ಏಡ್ ಹಾಕ್ಕೊಂಡೋರಿಗೆ ಅಂಥ ರೂಮು ನರಕ, ಆ ಮಷೀನು ಮಾತನ್ನೂ ದೊಡ್ಡದು ಮಾಡುತ್ತೆ ಪ್ರತಿಧ್ವನಿನೂ ದೊಡ್ಡದು ಮಾಡುತ್ತೆ, ಕೊನೆಗೆ ಕಿತ್ತು ಜೇಬಿಗೆ ಹಾಕ್ಕೊಂಡು ಸುಮ್ನೆ ನಗ್ತಾ ಕೂತಿರ್ತಾರೆ, ನೋಡಿದೋರು ಏನೋ ಸಂತೋಷವಾಗಿದಾರೆ ಅನ್ಕೋತಾರೆ. ಕಿಟಕಿಗೆ ದಪ್ಪ ಪರದೆ, ಸೀಲಿಂಗಿಗೆ ಶಬ್ದ ಹೀರೋ ಶೀಟು, ಇಷ್ಟು ಹಾಕಿದ್ರೂ ಸಾಕು. ಮತ್ತೆ ಆ ಹೊಳೆಯೋ ವಿಟ್ರಿಫೈಡ್ ಟೈಲ್ಸು ದಯವಿಟ್ಟು ಬೇಡ. ನಮ್ಮ ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಇಷ್ಟು ವರ್ಷ ಬರಿಗಾಲಲ್ಲೇ ಓಡಾಡಿದೀವಿ, ಒಬ್ಬರೂ ಜಾರಲಿಲ್ಲ. ಸೊಂಟದ ಮೂಳೆ ಒಂದು ಸಲ ಮುರಿದ್ರೆ ನಮ್ಮ ವಯಸ್ಸಲ್ಲಿ ಅದು ಬರೀ ಮೂಳೆ ವಿಷಯ ಆಗಿ ಉಳಿಯಲ್ಲ.

ಟಾಯ್ಲೆಟ್ ಬಗ್ಗೆ ಮೀಟಿಂಗಲ್ಲಿ ಮಾತಾಡೋಕೆ ಎಲ್ಲರಿಗೂ ಸಂಕೋಚ, ಆದ್ರೆ ಅರ್ಧ ಜನ ಕೇಂದ್ರಕ್ಕೆ ಬರೋದು ಬಿಡೋದು ತೀರ್ಮಾನ ಆಗೋದೇ ಅದರ ಮೇಲೆ. ಬಿಪಿಗೆ ನೀರಿನ ಮಾತ್ರೆ ತಗೊಳ್ಳೋರು ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಗಂಟೆಗೆ ಒಂದು ಸಲ ಆದ್ರೂ ಎದ್ದು ಹೋಗಬೇಕು, ಎಷ್ಟೋ ಹೆಂಗಸರು ಕೇಂದ್ರಕ್ಕೆ ಬರೋ ದಿನ ಮಾತ್ರೆನೇ ತಗೊಳ್ಳಲ್ಲ, ಇಲ್ಲ ನೀರೇ ಕುಡಿಯಲ್ಲ. ಹಾಲಿನಿಂದ ಹತ್ತು ಹೆಜ್ಜೆಯೊಳಗೆ, ಕಮೋಡ್ ಇರೋ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಗಟ್ಟಿ ಕಂಬಿ ಇರೋ, ಬಿದ್ರೆ ಹೊರಗಿಂದ ಬಾಗಿಲು ತೆಗೆಯೋಕೆ ಆಗೋ ಟಾಯ್ಲೆಟ್ಟು, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ. ಕುರ್ಚಿಗೆ ಕೈ ಇರಬೇಕು, ಊರಿಕೊಂಡು ಏಳೋಕೆ. ಬಸ್ ಸ್ಟ್ಯಾಂಡಲ್ಲಿರೋ ಸ್ಟೀಲ್ ಬೆಂಚು ತಂದು ಹಾಕಿದ್ರೆ ಅದು ನಿಮ್ಮ ಫೋಟೋಗೆ ಚೆನ್ನಾಗಿರುತ್ತೆ ಅಷ್ಟೇ.

ಹೆಂಗಸರ ರೂಮು ಡ್ರಾಯಿಂಗಲ್ಲಿ ಇಲ್ಲವೇ ಇಲ್ಲ, ಒಂದೇ ಲಾಂಜ್. ಯಾರನ್ನ ಕೇಳಿ ಮಾಡಿದ್ರೋ. ಈಗ ಮುಂದಿನ ಹಾಲಲ್ಲಿ ಗಂಡಸರು ಪೇಪರು, ಕೇರಂ, ರಾಜಕೀಯ, ಹಿಂದಿನ ರೂಮಲ್ಲಿ ನಾವು. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆದು ಎರಡು ಗಂಟೆಗೆ ಬಂದ್ರೆ ಮೊಮ್ಮಕ್ಕಳ ಸ್ಕೂಲ್ ವ್ಯಾನ್ ಬರೋ ಮೂರೂವರೆ ತನಕ ನಮ್ಮ ಟೈಮು. ಭಜನೆ ಅಂತ ಮನೇಲಿ ಹೇಳಿರ್ತೀವಿ, ಭಜನೆ ಅರ್ಧ ಗಂಟೆ, ಮಿಕ್ಕಿದ್ದು ಚೌಕಾಬಾರ ಮತ್ತೆ ಮಾತು. ಸೊಸೆ ಬಗ್ಗೆ ಮಗನ ಬಗ್ಗೆ ಗರ್ಭಕೋಶ ತೆಗೆಸಿದ್ದರ ಬಗ್ಗೆ ಗಂಡಸರ ಪಕ್ಕದಲ್ಲಿ ಕೂತು ಮಾತಾಡೋಕಾಗುತ್ತಾ? ಇಲ್ಲೇ ಹೋಗಿ ಬರ್ತೀನಿ ಅಂತ ಚಪ್ಪಲಿ ಮೆಟ್ಕೊಂಡು ಬರೋಕಾಗೋದು ಇದು ನಮ್ಮದೇ ಕ್ರಾಸಲ್ಲಿ ಇರೋದಕ್ಕೆ. ಮೇನ್ ರೋಡ್ ಆಚೆ ಅಂದ್ರೆ ಮನೇಲಿ ಪರ್ಮಿಷನ್ ಕೇಳೋ ಲೆಕ್ಕಕ್ಕೆ ಹೋಗುತ್ತೆ, ಎಪ್ಪತ್ತು ವರ್ಷಕ್ಕೆ ಅದು ಬೇರೆ.

ಇನ್ನೊಂದು ಟೇಬಲ್ ಇದೆ ನಮ್ಮಲ್ಲಿ, ನವೆಂಬರಲ್ಲಿ ಬಂದು ನೋಡಿ. ಪಿಂಚಣಿಯೋರು ವರ್ಷಕ್ಕೊಂದು ಸಲ ಬದುಕಿದೀನಿ ಅಂತ ಜೀವನ್ ಪ್ರಮಾಣ್ ಕೊಡಬೇಕಲ್ಲ, ಅದು ಆ ಟೇಬಲಲ್ಲೇ ನಡೆಯುತ್ತೆ. ಜೀವನ ಪೂರ್ತಿ ಪಾತ್ರೆ ತಿಕ್ಕಿದ ಕೈಯಲ್ಲಿ ರೇಖೆ ಎಲ್ಲಿರುತ್ತೆ, ಮಷೀನು ಹೆಬ್ಬೆಟ್ಟನ್ನ ಒಪ್ಪಲ್ಲ, ಒರೆಸಿ ಒತ್ತು, ಒದ್ದೆ ಮಾಡಿ ಒತ್ತು, ಇನ್ನೊಂದು ಬೆರಳು ಒತ್ತು. 2021ರಿಂದ ಮುಖ ತೋರಿಸಿ ಮಾಡೋ ವ್ಯವಸ್ಥೆ ಬಂದಿದೆ, ಕಾಲೇಜು ಹುಡುಗರು ಒಂದಿಬ್ಬರು ಬಂದು ಫೋನಲ್ಲಿ ಮಾಡಿಕೊಡ್ತಾರೆ, ಕಣ್ಣು ಮಿಟುಕಿಸಿ ಅಜ್ಜಿ ಅಂದ್ರೆ ಅಜ್ಜಿ ಎರಡೂ ಕಣ್ಣು ಮುಚ್ಚಿಕೊಂಡು ಕೂತ್ಬಿಡ್ತಾರೆ, ನಗು. ಕೇಂದ್ರ ಮುಚ್ಚಿದ್ರೆ ಆ ಹುಡುಗರು ಮನೆಮನೆಗೆ ಹೋಗ್ತಾರಾ? ಸೈಬರ್ ಸೆಂಟರಲ್ಲಿ ದುಡ್ಡು ಕೊಟ್ಟು ಕ್ಯೂ ನಿಲ್ಲಬೇಕು.

ಗೇಟಿನ ಹೊರಗೆ ಹೊಂಗೆ ಮರದ ಕಟ್ಟೆ ಇದೆಯಲ್ಲ, ಅದನ್ನೂ ಕಾಂಪೌಂಡು ನುಂಗುತ್ತಂತೆ. ಸದಸ್ಯತ್ವ ಇಲ್ಲದೋರು, ಒಳಗೆ ಬರೋಕೆ ಸಂಕೋಚ ಪಡೋರು, ಹೂ ಮಾರೋ ಅಜ್ಜಿ, ನೈಟ್ ಡ್ಯೂಟಿ ಮುಗಿಸಿದ ವಾಚ್‌ಮನ್ ತಾತ, ಎಲ್ಲಾ ಕೂರೋದು ಅಲ್ಲಿ. ಮರ ಕಡೀಬೇಡಿ, ಕಟ್ಟೆ ಬಿಡಿ, ಅದಕ್ಕೇನೂ ಬಜೆಟ್ ಬೇಕಿಲ್ಲ.

ಬಜೆಟ್ ಅಂದ್ರೆ ಒಂದು ಕೇಳಬೇಕು. ಕಟ್ಟೋಕೆ ದುಡ್ಡು ಯಾವಾಗಲೂ ಬರುತ್ತೆ, ಶಂಕುಸ್ಥಾಪನೆ ಕಲ್ಲಿಗೆ ಹೆಸರು ಕೆತ್ತಿಸ್ಕೊಳ್ಳೋಕೆ ಜನಾನೂ ಬರ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದು ಕಸ ಗುಡಿಸಿ ಟಾಯ್ಲೆಟ್ ತೊಳೆಯೋರ ಸಂಬಳ ಮಾತ್ರ ಯಾವ ಹೆಡ್ಡಲ್ಲೂ ಇರಲ್ಲ. ಈಗ ನಾವೇ ತಿಂಗಳಿಗೆ ಇಷ್ಟು ಅಂತ ಹಾಕಿ ಒಬ್ಬ ಹೆಂಗಸನ್ನ ಇಟ್ಕೊಂಡಿದೀವಿ. ಆ ಅಂಗಡಿಗಳ ಬಾಡಿಗೆಯಲ್ಲಿ ಒಂದು ಪಾಲು ಕೇಂದ್ರದ ನಿರ್ವಹಣೆಗೇ ಹೋಗಬೇಕು ಅಂತ ಈಗಲೇ ಆರ್ಡರಲ್ಲಿ ಬರೆಸಿ, ಆಮೇಲೆ ಅಂದ್ರೆ ದೇವರು ಕೊಟ್ರೂ ಪೂಜಾರಿ ಕೊಡಲ್ಲ.

ಸಾರ್ವಜನಿಕರ ಅಭಿಪ್ರಾಯ ಕೇಳಿದೀವಿ ಅಂತ ನಿಮ್ಮವರು ಹೇಳ್ತಾರೆ, ಸುಳ್ಳಲ್ಲ. ಫ್ಲೆಕ್ಸಿನ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಇತ್ತು, ಅದೂ ಆಳೆತ್ತರದಲ್ಲಿ, ಸ್ಕ್ಯಾನ್ ಮಾಡಿದ್ರೆ ಇಂಗ್ಲಿಷಲ್ಲಿ ಫಾರ್ಮು. ತುಂಬಿದೋರು ಎಲ್ಲಾ ಜಿಮ್ ಬೇಕು ಅಂದೋರೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವಯಸ್ಸಾದವರಿಗೆ ಒಗ್ಗೋ ಊರು ಹೇಗಿರಬೇಕು ಅಂತ ಒಂದು ಗೈಡ್ ತಂತಲ್ಲ, ಅದನ್ನ ಬರೆಯೋಕೆ ಮುಂಚೆ 33 ಊರುಗಳಲ್ಲಿ ವಯಸ್ಸಾದವರನ್ನೇ ಕೂರಿಸ್ಕೊಂಡು ಕೇಳಿದ್ರು, ನಮ್ಮ ದೆಹಲಿ, ಉದಯಪುರನೂ ಅದರಲ್ಲಿ ಇತ್ತು. ಉದಯಪುರದಲ್ಲಿ ಆಗಿದ್ದು ಬೆಂಗಳೂರಲ್ಲಿ ಆಗಲ್ವಾ?

ಆದ್ದರಿಂದ ನಮ್ಮ ಕೋರಿಕೆ. ಟೆಂಡರ್ ಕರೆಯೋಕೆ ಮುಂಚೆ ಡ್ರಾಯಿಂಗನ್ನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಹಾಲಿನ ಗೋಡೆಗೆ ಅಂಟಿಸಿ, ಹದಿನೈದು ದಿನ ಇರಲಿ. ಆಮೇಲೆ ಒಂದು ಮೀಟಿಂಗು ಕೇಂದ್ರದಲ್ಲೇ ಇಡಿ, ನಿಮ್ಮ ಆಫೀಸಲ್ಲಿ ಬೇಡ, ಅಲ್ಲಿಗೆ ಬರೋಕೆ ಆಗೋರು ಮಾತ್ರ ಮಾತಾಡಿದ ಹಾಗಾಗುತ್ತೆ. ಗಂಡಸರಿಗೆ ಬೆಳಿಗ್ಗೆ ಹನ್ನೊಂದು, ಹೆಂಗಸರಿಗೆ ಮಧ್ಯಾಹ್ನ ಎರಡೂವರೆ, ಒಂದೇ ದಿನ ಎರಡೂ ಮುಗಿಸಬಹುದು. ನಿಮಗೆ ಬಿಡುವಿಲ್ಲದಿದ್ರೆ ಡ್ರಾಯಿಂಗ್ ಮಾಡಿದ ಇಂಜಿನಿಯರನ್ನಾದ್ರೂ ಕಳಿಸಿ, ಕೈಯಲ್ಲಿ ಅಳತೆ ಟೇಪ್ ಇರಲಿ. ಮೈಕ್ ನಾವು ತರಿಸ್ತೀವಿ. ಸ್ಕೂಲಿನ ಆ ಎರಡು ರೂಮಿಗೆ ಶಿಕ್ಷಣ ಇಲಾಖೆಗೆ ಬರೀಬೇಕಾದ ಲೆಟರಿನ ಕರಡು ಈ ಪತ್ರದ ಜೊತೆ ನಿಮ್ಮ ಆಫೀಸಿಗೂ ಕಳಿಸಿದೀನಿ, ನಿಮ್ಮ ಸಹಿ ಒಂದು ಬಾಕಿ.

ಇಂತಿ,
ಕೇಂದ್ರದ ಹಿಂದಿನ ರೂಮಿನ ಎಲ್ಲರ ಪರವಾಗಿ,
ಒಬ್ಬ ಸದಸ್ಯೆ